ಡಿಸ್ಕಿನ ಮೇಲೆ ಕೂತವರು ಯಾರು?

ಯಾರಾದರೂ ‘ಬಿಜಿ ಇದ್ದೇನೆ’ ಎಂದರೆ ನಾನು ಸುಮ್ಮನೆ ಒಪ್ಪಿಕೊಳ್ಳುವವನಲ್ಲ. ಯಾವುದರಲ್ಲಿ, ಯಾರಿಂದ ಎಂದು ಕೆದಕಬೇಕು ಅನಿಸುತ್ತದೆ. ಮನೆಯವರಿಗೆ ಬೇಸರ ತರಿಸುವ ಈ ಚಟ ನನಗೆ ಅಂಟಿದ್ದು ಎಂಬತ್ತರ ದಶಕ ಮುಗಿಯುತ್ತಿದ್ದಾಗ, ಮಚ್ಛೆ ಎಂಬ ಊರಿನ ಒಂದು ಸಣ್ಣ ಕಾರ್ಖಾನೆಯಲ್ಲಿ.

ಅಲ್ಲಿ ನಮ್ಮದೊಂದು ಕಂಪ್ಯೂಟರ್ ಇತ್ತು. ಚಪ್ಪಲಿ ಬಿಟ್ಟೇ ಒಳಗೆ ಹೋಗಬೇಕು. ನಮ್ಮ ಮನೆಯ ದೇವರ ಕೋಣೆಗೂ ಅಷ್ಟು ಮಡಿ ಇರಲಿಲ್ಲ. ಒಂದೇ ಯಂತ್ರಕ್ಕೆ ಮೂರ್ನಾಲ್ಕು ಪರದೆಗಳು. ಜೊತೆಗೆ ಕೆಲಸ ಮಾಡುತ್ತಿದ್ದ ಪದ್ಮಕ್ಕ, ಖಾನಾಪುರದಿಂದ ಬಸ್ಸಿಗೆ ಬರುವ ಅಪ್ಪಾಸಾಹೇಬ, ನಾನು ಸೇರಿ ಮಳೆಗಾಲವಿಡೀ ಎರಕದ ಭಾಗಗಳ ಅಳತೆಗಳನ್ನು ಅದರ ಡಿಸ್ಕಿಗೆ ತುಂಬಿದ್ದೆವು. ಒಂದು ಮಧ್ಯಾಹ್ನ ಆ ಡಿಸ್ಕು ತಪ್ಪು ತೋರಿಸತೊಡಗಿತು. ನಕಲು ಇಟ್ಟಿದ್ದ ಟೇಪು ಹಿಂದಿನ ವಾರವೇ ಸಿಕ್ಕಿಕೊಂಡು ಹರಿದಿತ್ತು. ಮೂರು ಗಂಟೆಗೆ ಕರೆಂಟು ಹೋಗುವುದು ನಿಶ್ಚಿತ. ಅಷ್ಟರೊಳಗೆ ರಿಪೇರಿಯಾಗದೆ, ತಪ್ಪು ಹಾಗೇ ಇರುವಾಗ ಯಂತ್ರ ನಿಂತರೆ ನಮ್ಮ ದುಡಿಮೆಯೆಲ್ಲ ನೀರುಪಾಲು.

ರಿಪೇರಿಗೆ ಮೊದಲು ಡಿಸ್ಕನ್ನು ಯಂತ್ರದಿಂದ ಬಿಡಿಸಬೇಕು. ತಂತಿ ಕಿತ್ತಲ್ಲ, ಆಜ್ಞೆ ಕೊಟ್ಟು. ಕೊಟ್ಟೆ. ‘ಬಿಜಿ’ ಎಂದಿತು. ಅಂದರೆ ಯಾವುದೋ ಕೆಲಸ ಇನ್ನೂ ಅದರ ಮೇಲೆ ಕೂತಿದೆ. ಪದ್ಮಕ್ಕ ತಮ್ಮ ಪರದೆಯಲ್ಲಿದ್ದ ಫೈಲು ಮುಚ್ಚಿದರು, ನಾನು ನನ್ನದನ್ನು ಮುಚ್ಚಿದೆ. ಮತ್ತೆ ಬಿಜಿ.

“ಇಲ್ಲಿ ಇರೋರು ನಾವಿಬ್ಬರಽ. ಮತ್ತ ಯಾರ ಅದಾರ್ರಿ ಒಳಗ?” ಎಂದರು ಪದ್ಮಕ್ಕ.

ಕೈಪಿಡಿ ತಿರುವಿದಾಗ ‘ಫ್ಯೂಸರ್’ ಎಂಬ ಆಜ್ಞೆ ಕಣ್ಣಿಗೆ ಬಿತ್ತು. ಡಿಸ್ಕಿನ ಹೆಸರು ಕೊಟ್ಟರೆ, ಅದನ್ನು ಹಿಡಿದು ಕೂತ ಕೆಲಸಗಳ ನಂಬರು ಹೇಳುತ್ತದಂತೆ. ಒತ್ತಿದೆ. ಒಂದೇ ಒಂದು ನಂಬರು! ಪತ್ತೇದಾರನಾಗುವ ಸುಖವೇ ಬೇರೆ. ಇನ್ನೊಂದು ಆಜ್ಞೆ ಕೊಟ್ಟಾಗ ಅದು ಯಾವ ಪರದೆಯದೆಂದೂ ತಿಳಿಯಿತು. ಮೂಲೆಯಲ್ಲಿದ್ದ ಅಪ್ಪಾಸಾಹೇಬನದು.

ಅವನೋ ಅರ್ಧ ದಿನ ರಜೆ ಹಾಕಿ ನಂದಗಡದ ಸಂತೆಗೆ ಹೋಗಿದ್ದ, ಖುರ್ಚಿಯ ಮೇಲೆ ದಸ್ತಿ, ಅಂದರೆ ಕರವಸ್ತ್ರ, ಹಾಸಿ. ಬಸ್ಸಿನ ಕಿಟಕಿಯೊಳಗೆ ದಸ್ತಿ ಒಗೆದು ಸೀಟು ಹಿಡಿದು ರೂಢಿಯಾದವನು, ಇಲ್ಲೂ ತನ್ನ ಜಾಗ ಬೇರೆಯವರ ಪಾಲಾಗಬಾರದೆಂದು ಅಳತೆಯ ಫೈಲು ತೆರೆದಿಟ್ಟು, ಪರದೆಯನ್ನಷ್ಟೇ ಆರಿಸಿದ್ದ. ದಸ್ತಿ ಇದ್ದ ಸೀಟಿಗೆ ನಮ್ಮ ಕಡೆ ಯಾರೂ ಕೈಹಚ್ಚುವುದಿಲ್ಲ. ಹಾಗಾಗಿ ನಾವಿಬ್ಬರೂ ಅತ್ತ ನೋಡಿಯೇ ಇರಲಿಲ್ಲ.

“ಎಬ್ಬಸ್ರಿ ಅವನ್ನ,” ಎಂದರು ಪದ್ಮಕ್ಕ.

ಆ ನಂಬರನ್ನು ನಿಲ್ಲಿಸಿದೆ. ಡಿಸ್ಕು ಬಿಟ್ಟುಕೊಂಡಿತು. ರಿಪೇರಿ ಮುಗಿಸಿ, ಮತ್ತೆ ಜೋಡಿಸಿ ನೋಡಿದರೆ ಅಳತೆಗಳೆಲ್ಲ ಇದ್ದಲ್ಲೇ ಇದ್ದವು. ಯಂತ್ರ ಆರಿಸಿ ಹೊರಗೆ ಕಾಲಿಟ್ಟೆವು, ಕರೆಂಟು ಹೋಯಿತು. ಪದ್ಮಕ್ಕ ಪಕ್ಕದಲ್ಲಿ ಇರದಿದ್ದರೆ ನಾನು ಅಲ್ಲೇ ಕುಣಿದುಬಿಡುತ್ತಿದ್ದೆ.

ಸಂಜೆ ಮನೆಯಲ್ಲಿ ಊಟಕ್ಕೆ ಕೂತೆ. ರೊಟ್ಟಿ ಬೇಕೇನು ಎಂದು ಹೆಂಡತಿ ಮತ್ತೆ ಮತ್ತೆ ಕೇಳಿದಳಂತೆ. ಕೊನೆಗೆ ನನ್ನ ತಾಟನ್ನೇ ತನ್ನ ಕಡೆ ಎಳೆದುಕೊಂಡಳು.

“ಮನಿಗೆ ಬಂದೀರಿ ಅಂತ ತಿಳ್ಕೊಂಡಿದ್ದೆ. ನೀವು ಇನ್ನೂ ಮಚ್ಛೆದಾಗಽ ಕುಂತೀರಿ.”

ಡಿಸ್ಕಿನ ಮೇಲೆ ಇನ್ನೂ ಒಬ್ಬ ಉಳಿದಿದ್ದ. ಅವನನ್ನು ಹಿಡಿಯಲು ಅವಳಿಗೆ ಯಾವ ಕೈಪಿಡಿಯೂ ಬೇಕಾಗಲಿಲ್ಲ.