ಇಲ್ಲದ ಒಂಬತ್ತನೇ ಹೆಜ್ಜೆ

ಹನ್ನೊಂದು ವರ್ಷ ಗಣಿತ ಕಲಿಸಿದರೂ ಆಕೆ ಇನ್ನೂ ತಾತ್ಕಾಲಿಕ ಶಿಕ್ಷಕಿಯೇ. ಕಾಯಂ ಆಗಿದ್ದು ಮಕ್ಕಳಿಟ್ಟ ಹೆಸರೊಂದೇ: ಚೌಕದ ಮಿಸ್. ಎರಡು ಬಿಂದುಗಳ ನಡುವಿನ ದೂರವನ್ನು ಸೂತ್ರದಿಂದ ಶುರು ಮಾಡುವವಳಲ್ಲ ಆಕೆ. ತರಗತಿಯ ಟೈಲ್ಸ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಅಕ್ಷಗಳನ್ನೆಳೆದು, ಒಂದೊಂದು ಚೌಕಕ್ಕೂ ಸಂಖ್ಯೆ ಬರೆದು, ಮಕ್ಕಳನ್ನು ನಡೆಸುತ್ತಾಳೆ. ಮೊದಲು ಕಾಲಿಗೆ ಗೊತ್ತಾಗಲಿ, ಆಮೇಲೆ ತಲೆಗೆ ತಾನಾಗಿ ಹತ್ತುತ್ತದೆ ಎಂಬುದು ಆಕೆಯ ಹಟ.

ಅಂದು ತಪಾಸಣೆ. ಸಾಹೇಬರ ವರದಿ ಚೆನ್ನಾಗಿದ್ದರೆ ಕೆಲಸ ಕಾಯಂ, ಇಲ್ಲದಿದ್ದರೆ ತಿಂಗಳ ಕೊನೆಗೆ ಮನೆ ದಾರಿ. ಬೆಳಿಗ್ಗೆ ತಂಗಿ ಬಾಗಿಲವರೆಗೂ ಬಂದು, "ಅಕ್ಕಾ, ನಿಂಗೆ ಕೈ ಮುಗೀತೀನಿ, ಇವತ್ತೊಂದಿನ ಬಾಯಿಗೆ ಬೀಗ ಹಾಕ್ಕೋ" ಎಂದಿದ್ದಳು.

ಸಾಹೇಬರು ನೆಲ ನೋಡಿಯೇ ಮುಖ ಸಿಂಡರಿಸಿದರು. "ಇದೇನು ಪಾಠಾನೋ, ಕುಂಟೆಬಿಲ್ಲೆನೋ?"

ಹಿಂದಿನ ಬೆಂಚಿನ ಹುಡುಗಿಯನ್ನು ಎಬ್ಬಿಸಿದರು. ಗೆಳತಿಯರು 'ಮ್ಯೂಟ್' ಎಂದೇ ಕರೆಯುವ ಹುಡುಗಿ. ಆ ವರ್ಷ ಒಂದು ಪ್ರಶ್ನೆಗೂ ತುಟಿ ಬಿಚ್ಚಿದವಳಲ್ಲ.

"ಈ ಅಡ್ಡಸಾಲಲ್ಲಿ ಮೈನಸ್ ಮೂರರಿಂದ ಐದಕ್ಕೆ ಎಷ್ಟು ದೂರ?"

ಅವಳು ನೆಲ ನೋಡಿದಳು, ಬೆರಳು ಮಡಚಿದಳು. "ಎಂಟು, ಸರ್."

ತರಗತಿಗೆ ತರಗತಿಯೇ ತಿರುಗಿ ನೋಡಿತು. ಸಾಹೇಬರು ಮೈನಸ್ ಮೂರರ ಚೌಕದಲ್ಲಿ ಬೂಟು ಊರಿ, ಅದನ್ನೇ "ಒಂದು" ಎಂದು ಎಣಿಸುತ್ತ ಹೊರಟರು. ಐದು ತಲುಪುವಾಗ ಒಂಬತ್ತಾಗಿತ್ತು.

"ಒಂಬತ್ತು! ಎಣಿಸೋಕೂ ಬರಲ್ವಾ? ಏನ್ರೀ ಕಲಿಸಿದೀರಿ ಇವರಿಗೆ?"

ನಿಂತ ಚೌಕವನ್ನೂ ಸೇರಿಸಿಕೊಳ್ಳುವುದು ಚೌಕದ ಮಿಸ್ ಪ್ರತಿ ವರ್ಷ ಮೊದಲ ದಿನವೇ ತಿದ್ದುವ ತಪ್ಪು. ಸುಮ್ಮನಿದ್ದರೆ ಕೆಲಸ ಉಳಿಯುತ್ತದೆ. ಸುಮ್ಮನಿದ್ದರೆ ಈ ಹುಡುಗಿ ಇನ್ನು ಜನ್ಮದಲ್ಲಿ ಬಾಯಿ ತೆರೆಯುವುದಿಲ್ಲ. ಹುಡುಗಿ ಮಿಸ್ ಮುಖವನ್ನೇ ನೋಡುತ್ತಿದ್ದಳು, ಕಣ್ಣು ತುಂಬಿತ್ತು. ಮಿಸ್‌ಗೆ ಭಯವಾಯಿತು, ಭಯಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

"ಸರ್, ನಿಂತ ಚೌಕ ಲೆಕ್ಕಕ್ಕಿಲ್ಲ. ಇಟ್ಟ ಹೆಜ್ಜೆ ಮಾತ್ರ ಎಣಿಸ್ಬೇಕು. ಇನ್ನೊಂದ್ಸಲ ನಡೀರಿ."

ಸಾಹೇಬರ ಕಿವಿ ಕೆಂಪಾಯಿತು. ಅವರು ನಡೆಯಲಿಲ್ಲ, ನಿಂತಲ್ಲಿಂದಲೇ ಕಣ್ಣಲ್ಲಿ ಎಣಿಸಿದರು, ಮತ್ತೊಮ್ಮೆ ಎಣಿಸಿದರು. ಆಮೇಲೆ ವರದಿಯಲ್ಲಿ ಎರಡೇ ಸಾಲು ಗೀಚಿ, ಯಾರಿಗೂ ತೋರಿಸದೆ ಹೊರಟು ಹೋದರು.

ಹುಡುಗಿ ಮೆಲ್ಲಗೆ ಹತ್ತಿರ ಬಂದಳು. "ಮಿಸ್, ಮುಂದಿನ ತಿಂಗಳೂ ನೀವೇ ಬರ್ತೀರಾ?"

"ಗೊತ್ತಿಲ್ಲ ಕಣಮ್ಮಾ" ಎಂದಳು ಆಕೆ. "ಆದ್ರೆ ನಿನ್ನ ಎಂಟು ಸರಿ."