ಕಾಕಾ ಕೇಳಿಸಿಕೊಂಡದ್ದು

ಕಾಕಾ ಯಾರೊಡನೆ ಮಾತಾಡಿದರೂ ಅವರ ಕಣ್ಣು ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದರು. ಹುಬ್ಬು ಗಂಟಿಕ್ಕಿ, ಕತ್ತು ಒಂದಿಷ್ಟು ಮುಂದೆ ಚಾಚಿ, ಸೂಜಿಗೆ ದಾರ ಪೋಣಿಸುವವರ ಹಾಗೆ ನೋಡುವರು. ಹೊಸಬರಾದರೆ ತುಟಿಗೆ ಅವಲಕ್ಕಿಯ ಅಗಳು ಅಂಟಿದೆಯೇನೋ ಎಂದು ಗಾಬರಿಯಾಗಿ ಒರೆಸಿಕೊಳ್ಳುವರು. ಆಗ ಒಳಗಿನಿಂದ ಅವರ ಹೆಂಡತಿ ಕಾಕುವಿನ ಧ್ವನಿ ಬರುವುದು: "ಅವರ ಕಿವಿ ಕಣ್ಣಾಗ ಅದಾವ್ರಿ. ನೀವು ಮಾತಾಡ್ರಿ, ನಾಚಬ್ಯಾಡ್ರಿ."

ಪುಣೆಯ ಕೋಥರೂಡದ ನಮ್ಮ ವಸತಿ ಸೊಸಾಯಟಿಯಲ್ಲಿ ಆ ಇಬ್ಬರು ನೆಲಮಹಡಿಯಲ್ಲಿದ್ದರು, ನಾವು ಅವರ ನೆತ್ತಿಯ ಮೇಲೆ. ಎರಡೂ ಮನೆಯವರು ಗದಗಿನ ಕಡೆಯವರು ಎಂಬುದಷ್ಟೇ ನಂಟು. ಆದರೆ ಪುಣೆಯಲ್ಲೇ ಹುಟ್ಟಿ ಬೆಳೆದ ನನಗೆ ಕನ್ನಡ ಬಂದದ್ದು ಅರ್ಧ ನಮ್ಮಜ್ಜಿಯಿಂದ, ಅರ್ಧ ಆ ಮನೆಯ ಹೊಸ್ತಿಲಿನಿಂದ.

ಕಾಕಾ ಪಿಂಪರಿ ಕಡೆಯ ಕಾರ್ಖಾನೆಯೊಂದರಲ್ಲಿ, ತಗಡಿನ ಹಾಳೆ ಒತ್ತಿ ಗಾಡಿಯ ಬಾಗಿಲು ಮಾಡುವ ಪ್ರೆಸ್ ಶಾಪಿನಲ್ಲಿ ದುಡಿದು ನಿವೃತ್ತರಾದವರು. ಆ ಯಂತ್ರ ಒಮ್ಮೆ ಕೆಳಗಿಳಿದರೆ ಕಾಲಡಿಯ ನೆಲ ಅದುರುತ್ತದಂತೆ. ಅಲ್ಲಿ ಯಾರೂ ಕೂಗುವುದಿಲ್ಲ, ಕೂಗಿದರೂ ಕೇಳದು. ಒಬ್ಬರ ತುಟಿ ಇನ್ನೊಬ್ಬರು ಓದಬೇಕು. "ಮೊದಲು ತುಟಿ ಓದೂದು ಕಲತೆ, ಆಮ್ಯಾಲೆ ಕಿವಿ ಹೋತು. ಬ್ಯಾನಿಕಿಂತ ಮೊದಲ ಔಷಧ ಕೊಟ್ಟಾನ ದೇವರು," ಎನ್ನುವರು.

ರವಿವಾರ ಸಂಜೆ ಗೇಟಿನ ಕಟ್ಟೆಯ ಮೇಲೆ ಕೂತು ಎದುರಿನ ಬಸ್ ಸ್ಟಾಪಿನಲ್ಲಿ ನಿಂತವರ ಮಾತನ್ನು ನನಗೆ ಓದಿ ಹೇಳುವುದು ಅವರ ವಿನೋದ. "ಆ ಹುಡುಗಿ ನೋಡು. 'ನಿಮ್ಮವ್ವಗ ಇವತ್ತು ಹೇಳ್ತಿಯೋ ಇಲ್ಲೋ' ಅನ್ನಲಿಕ್ಕೆ ಹತ್ಯಾಳ. ಅವಾ ಬಸ್ ಬಂತೇನು ಅಂತ ನೋಡ್ತಾನ. ಹೇಳಂಗಿಲ್ಲ ಬಿಡು ಅವಾ."

ಕಾಕು ಬೈಯುವರು: "ಮಂದಿ ಮಾತು ಕದ್ದು ಓದ್ತೀರಿ, ಪಾಪ ಹತ್ತತದ."

"ಕದ್ದು ಕೇಳಿದರ ಪಾಪ. ನೋಡಿದರ ಎಲ್ಲಿ ಪಾಪ?"

ಇವರಿಬ್ಬರ ಜಗಳವೇ ನಮ್ಮ ಕಟ್ಟಡದ ಗಡಿಯಾರವಾಗಿತ್ತು. ಬೆಳಗಿನ ಚಹಾಕ್ಕೊಂದು, ಮಧ್ಯಾಹ್ನದ ಊಟಕ್ಕೊಂದು. ಹೀಗಿರುವಾಗ ಒಂದು ದಿನ ಕಾಕುಗೆ ಲಕ್ವಾ ಹೊಡೆಯಿತು. ಜೀವ ಉಳಿಯಿತು, ಮಾತೂ ಉಳಿಯಿತು, ಸ್ವಲ್ಪ ತೊದಲಿದರೂ ನಮಗೆಲ್ಲ ತಿಳಿಯುತ್ತಿತ್ತು. ಆದರೆ ಬಾಯಿ ಬಲಕ್ಕೆ ಜೋತುಬಿದ್ದಿತ್ತು. ತಿಳಿಯದೆ ಹೋದದ್ದು ಕಾಕಾಗೆ ಒಬ್ಬರಿಗೇ.

"ಅರ್ಧ ತುಟಿ ಮಾತಾಡತದ, ಅರ್ಧ ಸುಮ್ಮನ ಕೂತದ. ನಾ ಯಾವ ಅರ್ಧ ಓದಲಿ ತಂಗಿ?" ಎಂದು ಅವರು ನನ್ನನ್ನು ಕೇಳಿದರು. ಬರೆದು ತೋರಿಸೋಣವೆಂದರೆ ಕಾಕುವಿನ ಬಲಗೈಯೂ ಹೋಗಿತ್ತು, ಮೊದಲೇ ಅವರಿಗೆ ಅಕ್ಷರದ ಗೆಳೆತನ ಕಡಿಮೆ. ಅಂಗಡಿಯಿಂದ ತಂದ ಕಿವಿಯ ಯಂತ್ರ ಹಾಕಿದರೆ ಪಾತ್ರೆ, ಫ್ಯಾನು, ಓಣಿಯ ಹಾರನ್ನು ಎಲ್ಲ ಒಟ್ಟಿಗೇ ನುಗ್ಗುತ್ತಿದ್ದವು, ಮಾತು ಅವುಗಳ ಕಾಲಡಿ ಸಿಕ್ಕಿ ಸಾಯುತ್ತಿತ್ತು. ಹಾಗಾಗಿ ಕಾಲೇಜಿನಿಂದ ಬಂದವಳೇ ನಾನು ಅವರಿಬ್ಬರ ನಡುವೆ ಕೂರತೊಡಗಿದೆ. ಕಾಕು ಅಂದದ್ದನ್ನು ನಾನು ಕಾಕಾನ ಎದುರು ತುಟಿಯಿಂದ ಹೇಳುವುದು. ದನಿಯೂ ಬೇಕಿರಲಿಲ್ಲ. ಬೈಗುಳವನ್ನೂ ದಾಟಿಸುತ್ತಿದ್ದೆ. "ನಿನ್ನ ಬಾಯಾಗ ಬೈಗುಳಕ್ಕ ಖಾರ ಇಲ್ಲವಾ," ಎಂದು ಕಾಕಾ ನಗುವರು.

ಆ ವರ್ಷ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗಾಗಿ ತಂತ್ರಜ್ಞಾನದ ಉದ್ಯಮ ಯೋಜನೆಯ ಸ್ಪರ್ಧೆ ನಡೆಯಲಿತ್ತು. ನಾನು ಎಲೆಕ್ಟ್ರಾನಿಕ್ಸಿನ ಮೂರನೆಯ ವರ್ಷದಲ್ಲಿದ್ದೆ. ತಂಡದಲ್ಲಿ ನಾವು ಮೂವರು: ಸರ್ಕ್ಯೂಟು ಮಾಡಲು ಮೈಸೂರಿನ ಒಬ್ಬ ಹುಡುಗ, ಲೆಕ್ಕ-ಸ್ಲೈಡುಗಳಿಗೆ ಇಲ್ಲಿಯದೇ ಮರಾಠಿ ಹುಡುಗಿ, ಮತ್ತೆ ನಾನು. ಮಾತಾಡುವವರ ಕೊರಳ ಬಳಿ ಗುಂಡಿಯಷ್ಟು ಮೈಕು, ಕೇಳುವವರ ಕಿವಿಯಲ್ಲೊಂದು ಪುಟ್ಟ ಸ್ಪೀಕರು, ಸುತ್ತಲಿನ ಗದ್ದಲವೆಲ್ಲ ಹೊರಗೆ. ಕಾರ್ಖಾನೆಗಳಲ್ಲಿ ಕಿವಿ ಕಳೆದುಕೊಂಡ ಹಿರಿಯರಿಗೆ ಇದನ್ನು ಕಡಿಮೆ ಬೆಲೆಗೆ ಮಾಡಿ ಮಾರುವುದು ನಮ್ಮ ಯೋಜನೆ. ಹೇಳಬೇಕೇ, ಅದು ಹುಟ್ಟಿದ್ದು ಕಾಕಾನ ಮನೆಯಲ್ಲಿ.

ಮೈಸೂರಿನ ಹುಡುಗನ ಮಾತು ಓದಲು ಕಾಕಾಗೆ ಕಷ್ಟ. "ಇವನ ಬಾಯಾಗ ಮೈಸೂರು ಪಾಕ ಅದ ಏನ್ ತಂಗಿ? ಹಲ್ಲಽ ಬಿಡಂಗಿಲ್ಲ."

"ಅಂಕಲ್, ಸ್ವಲ್ಪ ಸ್ಲೋ ಆಗಿ ಹೇಳ್ತೀನಿ ಬಿಡಿ," ಎಂದು ಅವನು ಬಾಯಿ ಅಗಲಿಸಿದರೆ ಕಾಕುಗೆ ನಗು ತಡೆಯುತ್ತಿರಲಿಲ್ಲ.

ಮೊದಲ ಸಲ ಅದು ಕೆಲಸ ಮಾಡಿದ್ದು ಒಂದು ಶನಿವಾರ ಸಂಜೆ. ಮೈಕನ್ನು ಕಾಕುವಿನ ಸೆರಗಿಗೆ ಸಿಕ್ಕಿಸಿದೆವು. ಕಾಕಾಗೆ ನನ್ನ ತುಟಿ ಕಾಣದಿರಲೆಂದು ಗೆಳೆಯರು ನನ್ನನ್ನು ಬೇರೆ ಕಡೆ ಮುಖ ಮಾಡಿ ಕೂರಿಸಿದರು. ಕಾಕು ಏನು ಹೇಳಬೇಕೆಂದು ತೋಚದೆ, "ಚಹಾ ಆರತದ, ಕುಡೀರಿ," ಎಂದರು.

ಕಾಕಾ ಎದ್ದರು. ಗ್ಯಾಲರಿಗೆ ಹೋಗಿ ನಮಗೆ ಬೆನ್ನು ಮಾಡಿ ನಿಂತರು. ತಿರುಗದೆಯೇ ಹೇಳಿದರು: "ಹೊಳ್ಳಿ ಅನ್ನು."

"ಚಹಾ ಆರತದ."

"ಹೊಳ್ಳಿ."

"ಹುಚ್ಚು ಹಿಡದದ ಇವರಿಗೆ," ಎಂದರು ಕಾಕು.

ಅದೂ ಕೇಳಿಸಿತು. ಕಾಕಾನ ಹೆಗಲು ಅಲುಗುತ್ತಿತ್ತು. ಅಷ್ಟರಲ್ಲಿ ಯಂತ್ರ ಕೀಚ್ ಎಂದು ಚೀರಿ ಸತ್ತುಹೋಯಿತು. ಹುಡುಗ ಅದನ್ನು ಬಿಚ್ಚಿ ನೋಡಿ, ಎಲ್ಲೋ ಬೆಸುಗೆ ಬಿಡುತ್ತಿದೆ, ಸರಿಮಾಡುತ್ತೇನೆ ಎಂದ. ಮಾಡಿದ. ಮತ್ತೆ ಹೋಯಿತು, ಮತ್ತೆ ಮಾಡಿದ.

ಸ್ಪರ್ಧೆಯ ದಿನ ಕಾಕಾ ಮಗಳ ಮದುವೆಗೆ ಹೊಲಿಸಿದ ಕೋಟು ಹಾಕಿಕೊಂಡು ನಮ್ಮೊಡನೆ ಬಂದರು. ವೇದಿಕೆಯ ನಡುವೆ ಕುರ್ಚಿ, ಅದರಲ್ಲಿ ಅವರು. ನಾನು ಕೆಳಗೆ ಮೊದಲ ಸಾಲಿನಲ್ಲಿ. ನಿರ್ಣಾಯಕರಲ್ಲಿ ಒಬ್ಬರು ಮೈಕು ತಮ್ಮ ಕೊರಳಿಗೆ ಹಾಕಿಕೊಂಡು, "ಹಿಂದೆ ನಿಂತು ಮಾತಾಡುತ್ತೇನೆ, ಅಜ್ಜನಿಗೆ ಕೇಳುತ್ತದೋ ನೋಡೋಣ," ಎಂದರು. ಕಾಕಾನ ಬೆನ್ನ ಹಿಂದೆ ನಿಂತು ಮರಾಠಿಯಲ್ಲಿ, ಇವತ್ತು ಮಳೆ ಬಂದರೆ ಏನು ಮಾಡುತ್ತೀರಿ ಎಂದು ಸಭೆಗೆ ಕೇಳುವಷ್ಟೇ ದನಿಯಲ್ಲಿ ಕೇಳಿದರು.

ಕ್ಷಣ ಹೊತ್ತು ಏನೂ ಇಲ್ಲ. ಕಾಕಾ ನನ್ನತ್ತ ನೋಡುತ್ತ ಕೂತಿದ್ದರು.

"ಛತ್ರಿ ಆಣಲೀಯ, ಸಾಹೇಬ," ಎಂದರು ಕಾಕಾ. ಕೊಡೆ ತಂದಿದ್ದೇನೆ ಸಾಹೇಬರೇ.

ಸಭೆ ಗೊಳ್ಳೆಂದು ನಕ್ಕು ಚಪ್ಪಾಳೆ ತಟ್ಟಿತು. ಇನ್ನೂ ನಾಲ್ಕು ಪ್ರಶ್ನೆ ಬಂದವು. ನಾಲ್ಕಕ್ಕೂ ಒಂದರ ಹಿಂದೊಂದು ಉತ್ತರ ಕೊಟ್ಟರು.

ವಾಪಸು ಬರುವಾಗ ಬಸ್ಸಿನಲ್ಲಿ ಅವರು ಯಂತ್ರವನ್ನು ಕರವಸ್ತ್ರದಲ್ಲಿ ಸುತ್ತಿ ನನ್ನ ಕೈಗಿಟ್ಟರು. "ಇದು ಅಲ್ಲೆ ಕುರ್ಚಿ ಮ್ಯಾಲೆ ಕೂಡೂದರಾಗ ಸತ್ತಿತ್ತವಾ. ಹಸರು ದಿವಾ ಉರೀತಿತ್ತು, ಒಳಗ ಏನೂ ಇರಲಿಲ್ಲ."

"ಮತ್ತ ಹೆಂಗ ಹೇಳಿದ್ರಿ ಕಾಕಾ?"

"ನಿನ್ನ ತುಟಿ. ಸಾಹೇಬರು ಅಂದದ್ದೆಲ್ಲ ನೀ ಕೆಳಗ ಕೂತು ಅನ್ನಲಿಕ್ಕೆ ಹತ್ತಿದ್ದಿ. ನಿನಗ ಖಬರು ಇರಲಿಲ್ಲ."

ತಿಂಗಳುಗಟ್ಟಲೆ ಅವರ ಎದುರು ಕೂತು ಮಾಡಿದ ರೂಢಿ. ಹೆದರಿಕೆಯಲ್ಲಿ ತುಟಿ ತಾನಾಗಿಯೇ ಆಡಿತ್ತು.

"ಅಷ್ಟು ಮಂದಿ ಮುಂದ ನಿಮ್ಮನ್ನ ಬೀಳಸಲೇನು?" ಎಂದರು. "ಮೊದಲು ಪಾಸ್ ಆಗ್ರಿ. ಆಮ್ಯಾಲೆ ರಿಪೇರಿ ಮಾಡ್ರಿ."

ಫಲಿತಾಂಶ ಮರುದಿನವಿತ್ತು. ಹೇಳಬೇಕೆಂದಿದ್ದರೆ ನಿರ್ಣಾಯಕರಿಗೆ ಹೇಳಬಹುದಿತ್ತು, ಒಂದಿಡೀ ದಿನ ಕೈಯಲ್ಲಿತ್ತು. ಗೆಳೆಯರಿಬ್ಬರಿಗೆ ಹೇಳಿದೆ. "ಯಾರ್ಗೂ ಹೇಳ್ಬೇಡ ಕಣೇ. ಗೆದ್ಮೇಲೆ ಫಿಕ್ಸ್ ಮಾಡೋಣ, ಎರಡು ದಿನದ ಕೆಲಸ," ಎಂದ ಹುಡುಗ. ಎರಡು ದಿನದ ಕೆಲಸ ಎಂಬುದನ್ನು ನಾನು ನಂಬಿದೆ, ನಂಬುವುದು ಸುಲಭವಾಗಿತ್ತು.

ಗೆದ್ದೆವು. ಕಾಲೇಜಿನವರು ಒಂದು ಕೋಣೆ ಕೊಟ್ಟರು, ಮಾರ್ಗದರ್ಶನಕ್ಕೆ ಉದ್ಯಮಿಯೊಬ್ಬರನ್ನು ಗೊತ್ತುಮಾಡಿದರು. ಅವರು ನಮ್ಮ ಕಡತ ಓದಿ, ಯಂತ್ರವಂತೂ ಚೆನ್ನಾಗಿ ನಡೆಯುತ್ತದೆ, ತೊಂದರೆ ಇರುವುದು ಗಿರಾಕಿಯಲ್ಲಿ ಎಂದರು. ನಿವೃತ್ತ ಕಾರ್ಮಿಕರು ಕೊಳ್ಳುವುದಿಲ್ಲ, ಕೋಚಿಂಗ್ ಕ್ಲಾಸಿನವರು ಕೊಳ್ಳುತ್ತಾರೆ. ಪಾಠ ಹೇಳುವವರ ಕೊರಳಿಗೆ ಮೈಕು ಹಾಕಿ ಎಂದರು. ನಡೆಯುತ್ತದೆಂದು ಗೆದ್ದ ಯಂತ್ರವನ್ನು ಬಿಚ್ಚಿ ನೋಡುವವರು ಯಾರು? ಮೂರು ತಿಂಗಳು ಡಬ್ಬಿಯ ಆಕಾರ, ಬಣ್ಣ, ಹೆಸರು ಎಂದು ಓಡಾಡಿದೆವು. ಮುಂದೆ ಹುಡುಗನಿಗೆ ನೌಕರಿ ಸಿಕ್ಕಿತು. ಮರಾಠಿ ಹುಡುಗಿ ಕೋಚಿಂಗಿನ ಮೈಕು ಮಾರಿದಳು, ನಾನು ಪರೀಕ್ಷೆಗೆ ಕೂತೆ. ಕರವಸ್ತ್ರದ ಗಂಟು ನನ್ನ ಮೇಜಿನ ಖಾನೆಯಲ್ಲಿತ್ತು. ಮುಂದಿನ ವಾರ ಯಾರಿಂದಾದರೂ ಸರಿಮಾಡಿಸೋಣ ಎಂದುಕೊಳ್ಳುತ್ತಿದ್ದೆ.

ಕಾಕಾ ಒಂದು ದಿನವೂ ಕೇಳಲಿಲ್ಲ. ಕಾಕು ಕೇಳುವರು: "ನಿಮ್ಮ ಮಷೀನ್ ಯಾವಾಗ ಬರತದವಾ? ಇವರಿಗೆ ಮನಸು ತುಂಬಿ ಬೈದು ವರ್ಷ ಆತು. ಹೊಟ್ಟ್ಯಾಗ ಹಂಗಽ ಕೂತದ." ನಾನು ಆ ಮಾತನ್ನು ಮಾತ್ರ ಕಾಕಾಗೆ ದಾಟಿಸುತ್ತಿರಲಿಲ್ಲ.

ದೀಪಾವಳಿಯ ಮುಂಚೆ ಕಾಕುಗೆ ಎರಡನೆಯ ಹೊಡೆತ. ದವಾಖಾನೆಯಲ್ಲಿ ಮಂಚದ ಒಂದು ಬದಿಗೆ ಕಾಕಾ, ಇನ್ನೊಂದು ಬದಿಗೆ ನಾನು. ಭೋರ್ ಊರಿನಿಂದ ಅವರ ಮಗಳು ಇನ್ನೂ ದಾರಿಯಲ್ಲಿದ್ದಳು. ಮಧ್ಯಾಹ್ನ ಡಾಕ್ಟರು ಚೀಟಿ ಬರೆದುಕೊಟ್ಟರು, ನಾನು ಕೆಳಗೆ ಔಷಧಕ್ಕೆ ಹೋದೆ. ಅಂಗಡಿಯಲ್ಲಿ ಸಾಲು ಇತ್ತು. ಕಾಲು ಗಂಟೆಯಾಗಿರಬೇಕು.

ತಿರುಗಿ ಬಂದಾಗ ಕಾಕು ಕಣ್ಣು ಮುಚ್ಚಿದ್ದರು. ಕಾಕಾ ಅವರ ಕೈ ಹಿಡಿದುಕೊಂಡೇ ನನ್ನತ್ತ ನೋಡಿದರು.

"ಈಗ ಏನೋ ಅಂದ್ಲು ತಂಗಿ. ಭಾಳ ಹೊತ್ತು ಅಂದ್ಲು. ಕಣ್ಣಾಗ ನೀರು ತಂದ್ಕೊಂಡು ಅಂದ್ಲು. ನಾ ಹೂಂ, ಹೂಂ ಅಂದೆ." ನನ್ನ ತುಟಿ ನೋಡುತ್ತ ಕೇಳಿದರು: "ಹೂಂ ಅಂದದ್ದು ಬರೋಬ್ಬರಿ ಆತೋ, ಇಲ್ಲೋ?"

ಕಾಕು ಮತ್ತೆ ಕಣ್ಣು ತೆರೆಯಲಿಲ್ಲ.

ಕಾಕಾ ಮಗಳ ಮನೆಗೆ, ಭೋರ್‌ಗೆ ಹೋದರು. ಅಲ್ಲಿಯೇ ತೀರಿಕೊಂಡರು, ಈಗ ವರ್ಷವಾಗುತ್ತ ಬಂತು. ಅದಕ್ಕೆ ಒಂದು ತಿಂಗಳ ಮೊದಲು ನಾನು ನೋಡಲು ಹೋಗಿದ್ದೆ. ಬೆಳಿಗ್ಗೆ ಪುಣೆಯ ಕೊಂಢವಾದಲ್ಲಿ ಕೆಲಸ ಮುಗಿಸಿ, ಅಲ್ಲಿಂದಲೇ ನೇರ ಬಸ್ಸು ಹಿಡಿದು ಹೋಗಿದ್ದೆ. ದಾರಿಯುದ್ದಕ್ಕೂ ಒಂದೇ ಮಾತನ್ನು ಜೋಡಿಸಿಕೊಂಡಿದ್ದೆ. ಕಾಕಾ ಬಹಳ ಸೊರಗಿದ್ದರು, ಕಣ್ಣು ಮಾತ್ರ ಮೊದಲಿನಂತೆಯೇ ಚುರುಕು. ಎದುರು ಕೂತು, "ಕಾಕಾ, ನಮ್ಮದು ತಪ್ಪಾತ್ರಿ. ಅವತ್ತಽ ಅಲ್ಲೆ ಖರೇ ಹೇಳಿದ್ದರ, ಮಷೀನ್ ರಿಪೇರಿ ಆಗತಿತ್ತು. ಕಾಕು ಅಂದದ್ದು ನಿಮಗ..." ಎನ್ನುವಷ್ಟರಲ್ಲಿ ಕೈ ಎತ್ತಿ ತಡೆದರು.

"ನಿಮ್ಮ ಕಾಕು ಅವತ್ತು ಅಂದದ್ದು ನನಗ ತಿಳಿದಿತ್ತು. ನಿನಗ ಹೇಳಿದ್ದಿಲ್ಲ ಅಷ್ಟ."

"ಏನಂದ್ರು?"

"'ತಂಗಿ ಮುಂಜಾನೆಯಿಂದ ನಮ್ಮ ಸಲುವಾಗಿ ಓಡ್ಯಾಡಲಿಕ್ಕೆ ಹತ್ಯಾಳ. ಉಂಡಾಳೋ ಇಲ್ಲೋ ಕೇಳ್ರಿ' ಅಂದ್ಲು."

ನಾನು ಅವರ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ. ಅಷ್ಟು ವರ್ಷಗಳಲ್ಲಿ ಮೊದಲ ಸಲ, ಎದುರು ಕೂತವಳೊಡನೆ ಮಾತಾಡುತ್ತ ಬೇರೆ ಕಡೆ ನೋಡಿದರು.

"ಈಗ ಹೇಳು. ಉಂಡೀಯೇನು?"

ಇಲ್ಲ ಎಂದು ತಲೆಯಾಡಿಸಿದೆ. ಮಗಳನ್ನು ಕರೆದು ತಾಟು ಹಾಕಿಸಿದರು. ಗೋಡೆ ಹಿಡಿದು ಎದ್ದು ಬಂದು ತಾವೇ ಎದುರು ಕೂತರು. ರೊಟ್ಟಿ, ಬದನೆಕಾಯಿ ಎಣಗಾಯಿ, ಆಮೇಲೆ ಅನ್ನ ಸಾರು. ನಾನು ಏನೋ ಹೇಳಲು ಬಾಯಿ ತೆರೆದಾಗಲೆಲ್ಲ, "ಮೊದಲು ಉಣ್ಣವಾ," ಎಂದು ಇನ್ನೊಂದು ಸೌಟು ಬಡಿಸಿದರು. ತುತ್ತು ತುಂಬಿದ ಬಾಯಿಂದ ತಪ್ಪೊಪ್ಪಿಕೊಳ್ಳಲು ಬರುವುದಿಲ್ಲ. ನಾನು ಉಂಡೆ.