ಮಣ್ಣು ತಡೆಯದ ಕಟ್ಟೆ

ಶಿರೂರಿನ ಗುರುಸಿದ್ದವ್ವನ ಬಾಯಿಗೆ ಊರೇ ಹೆದರುತ್ತದೆ. ಹೆದರಲಿ ಬಿಡಿ. ಮೂವತ್ತು ವರ್ಷ ಕಂಡವರ ಹೊಲಗಳಲ್ಲಿ ಒಡ್ಡು ಹಾಕಿದ ಹೆಂಗಸು ಅವಳು. ನೀರು ಎಲ್ಲಿ ಓಡುತ್ತದೆ, ಮಣ್ಣನ್ನು ಎಲ್ಲಿ ಹಿಡಿಯಬೇಕು ಎಂದು ಅವಳಿಗೆ ಯಾವ ಎಂಜಿನಿಯರನೂ ಹೇಳಿಕೊಡಬೇಕಿಲ್ಲ.

ಅವಳಿಗಿರುವುದು ಒಂದೂವರೆ ಎಕರೆ, ಒಂದು ಬಾವಿ. ಉಳ್ಳಾಗಡ್ಡಿ, ಮೆಣಸಿನಕಾಯಿ, ಕುಡಿಯುವ ನೀರು, ಎಲ್ಲಕ್ಕೂ ಆ ಬಾವಿಯೇ ಗತಿ. ಮೇಲಿನ ದಿಬ್ಬದಲ್ಲಿ ಗುತ್ತಿಗೆದಾರ ಅಮಾತೆಪ್ಪ ಪ್ಲಾಟು ಮಾಡಲು ಜೆಸಿಬಿ ಬಿಟ್ಟು ನೆಲವನ್ನೆಲ್ಲ ಕೆದರಿ ಹಾಕಿದ್ದ. ಒಂದು ದೊಡ್ಡ ಮಳೆ ಬಂದರೆ ಆ ಸಡಿಲ ಮಣ್ಣು ಬಾವಿಗೆ ಇಳಿಯುವುದು ಖಂಡಿತ. ಪ್ಲಾಟಿಗೆ ಪರವಾನಗಿ ಕೊಟ್ಟ ಕಚೇರಿಗೇ ಅವಳು ಹೋಗಿ ಜಗಳಾಡಿದಳು. ಮಳೆಗಾಲಕ್ಕೆ ಮುಂಚೆ ಮಣ್ಣು ಕೊಚ್ಚಿಹೋಗದಂತೆ ಕಟ್ಟೆ ಕಟ್ಟತಕ್ಕದ್ದು ಎಂದು ಪರವಾನಗಿಯಲ್ಲೇ ನಿಯಮವಿತ್ತು. ಅಮಾತೆಪ್ಪನಿಗೆ ನೋಟಿಸು ಹೋಯಿತು.

ಅವನು ಕಟ್ಟೆ ಕಟ್ಟಿದ. ಎಂಥ ಕಟ್ಟೆ ಅಂತೀರಿ? ಗೇಟಿನ ಪಕ್ಕದ ಬೇವಿನ ಮರದ ಸುತ್ತ ಇಳಕಲ್ಲಿನ ಕೆಂಪು ಕಲ್ಲು ಹಾಸಿ, ಹತ್ತು ಜನ ಕೂತು ಹರಟೆ ಹೊಡೆಯುವ ಕಟ್ಟೆ. ತಪಾಸಣೆಗೆ ಬಂದ ಸಾಹೇಬರೂ ಅದರ ಮೇಲೆಯೇ ಕೂತು, ಚಹಾ ಕುಡಿದು, ‘ಕಟ್ಟೆ ಕಟ್ಟಲಾಗಿದೆ’ ಎಂದು ಬರೆದು ಹೋದರು. ನಾಚಿಕೆ ಎಂಬುದು ಆ ಇಬ್ಬರ ಮನೆಯ ಕಡೆ ಹಾಯ್ದೂ ಇಲ್ಲ.

“ಕಟ್ಟಿ ಅಂದ್ರ ಮಣ್ಣ ತಡಿಯೂದೋ, ಕುಂಡಿ ಊರೂದಲ್ಲ,” ಎಂದಳು ಗುರುಸಿದ್ದವ್ವ.

“ಕಾಗದದಾಗ ಕಟ್ಟಿ ಅಂತೈತಿ, ಕಟ್ಟೇನಿ. ನಿಂದೇನ್ ಬೇ?” ಎಂದ ಅಮಾತೆಪ್ಪ.

ಮರುದಿನ ಗುರುಸಿದ್ದವ್ವ ಗುದ್ದಲಿ, ಬುಟ್ಟಿ ಹಿಡಿದು ದಿಬ್ಬದ ಕೆಳಗೆ, ತನ್ನ ಹೊಲದ ಅಂಚಿಗೆ ಹೋದಳು. ಆರು ದಿನ ಒಬ್ಬಳೇ ಮಣ್ಣು ಹೊತ್ತು ಒಡ್ಡು ಹಾಕಿದಳು. ಹೆಚ್ಚಿನ ನೀರು ಬಾವಿಯಿಂದ ದೂರ ಸರಿದು ಹಳ್ಳಕ್ಕೆ ಹೋಗಲಿ ಎಂದು ಒಂದು ತುದಿಗೆ ಕಲ್ಲು ಜೋಡಿಸಿ ವಾರಿ, ಅಂದರೆ ಕೋಡಿ, ಬಿಟ್ಟಳು. ಏಳನೆಯ ದಿನ ಮಳೆ ಹೊಯ್ದಿತು. ದಿಬ್ಬದ ಕೆಂಪು ರಾಡಿ ಒಡ್ಡಿನ ಹಿಂದೆ ಮೊಣಕಾಲುದ್ದ ನಿಂತಿತು. ಬಾವಿಗೆ ಒಂದು ಹಿಡಿ ಮಣ್ಣೂ ಬೀಳಲಿಲ್ಲ.

ಮಳೆ ನಿಂತ ಮೇಲೆ ಅಮಾತೆಪ್ಪ ಮೊಬೈಲು ಹಿಡಿದು ಅವಳ ಒಡ್ಡಿಗೇ ಬಂದ. ಮಳೆಯಲ್ಲಿ ಮಣ್ಣು ತಡೆದದ್ದಕ್ಕೆ ಫೋಟೋ ಕಳಿಸು ಎಂದು ಕಚೇರಿಯವರು ಕೇಳಿದ್ದರಂತೆ.

“ಯವ್ವಾ, ಚೂರು ಬಾಜೂಕ ಸರೀರಿ. ಫೋಟೋದಾಗ ನೀವು ಬರಾಕತ್ತೀರಿ.”

ಕಳ್ಳನ ಬಾಯಿಗೆ ಇವತ್ತು ‘ರೀ’ ಬಂದಿತ್ತು. ಗುರುಸಿದ್ದವ್ವ ಸರಿಯಲಿಲ್ಲ. ರಾಡಿಗಾಲಲ್ಲೇ ಒಡ್ಡಿನ ನಟ್ಟನಡುವೆ ಹೋಗಿ ನಿಂತಳು.

“ಈಗ ತಗಿ,” ಎಂದಳು. “ಇದನ್ನ ಯಾರ್ ಕಟ್ಯಾರಂತ ನಿನ್ನ ಸಾಹೇಬ್ರೂ ನೋಡ್ಲಿ.”

ಅಮಾತೆಪ್ಪ ಕತ್ತಲಾಗುವವರೆಗೂ ಕಾದ. ಅವಳು ಕದಲಲಿಲ್ಲ.